ಬೆಳ್ಳಕ್ಕಿಯ ಎಡಮಂಚ

ನನ್ನ ಮೇಲೆ ಜನ ಮಲಗುತ್ತಿದ್ದರು. ನನ್ನ ಒಳಗೆ ಅವರ ಸಾಮಾನು ಮಲಗುತ್ತಿತ್ತು. ನಾನು ಮಾತ್ರ ದೋಣಿಯಲ್ಲಿದ್ದ ಅಷ್ಟು ವರ್ಷ ಒಂದು ದಿನವೂ ಕಣ್ಣು ಮುಚ್ಚಿದವಳಲ್ಲ. ನನಗೆ ಭಯವಿತ್ತು.

ಮನೆಯ ಮಂಚಗಳಿಗೆ ಇದು ಅರ್ಥವಾಗಲಿಕ್ಕಿಲ್ಲ. ಅವಕ್ಕೆ ನಾಲ್ಕು ಕಾಲು, ಕಾಲಿನ ಕೆಳಗೆ ನೆಲ, ನೆಲದ ಕೆಳಗೆ ಭೂಮಿ. ನಾನು ಹಾಯಿದೋಣಿಯೊಂದರ ಮಂಚ. ನನಗೆ ಕಾಲುಗಳಿರಲಿಲ್ಲ. ಉದ್ದನೆಯ ಒಂದು ಪೆಟ್ಟಿಗೆ, ಅದಕ್ಕೊಂದು ಮುಚ್ಚಳ, ಮುಚ್ಚಳದ ಮೇಲೆ ಹತ್ತಿಯ ಹಾಸಿಗೆ. ನನ್ನ ಒಂದು ಪಕ್ಕೆ ದೋಣಿಯ ಮೈಯೇ ಆಗಿತ್ತು. ಅದರ ದಪ್ಪ ಒಂದು ಹೆಬ್ಬೆರಳಿನಷ್ಟು. ಅದರಾಚೆ ಸಮುದ್ರ.

ನಾನು ಹುಟ್ಟಿದ್ದು ಗಂಗೊಳ್ಳಿಯ ಹೊಳೆಯ ದಡದಲ್ಲಿ, ಶೇಷಯ್ಯ ಆಚಾರಿಯ ದೋಣಿ ಕಟ್ಟುವ ಚಪ್ಪರದಲ್ಲಿ. ಅದಕ್ಕೂ ಮೊದಲು ನಾನು ಹೆಬ್ಬಲಸಿನ ಮರವಾಗಿದ್ದೆ. ಆಗಿನದು ನನಗೆ ಹೆಚ್ಚು ನೆನಪಿಲ್ಲ. ಆಚಾರಿಯ ಉಳಿಯ ಸದ್ದು, ಅವನ ಎಲೆಯಡಿಕೆಯ ಕವಳದ ವಾಸನೆ, ಇವು ಮೊದಲ ನೆನಪುಗಳು. ಅವನು ಒರಟು ಮಾತಿನ ಮನುಷ್ಯ, ಕೈ ಮಾತ್ರ ಮೆದು. ನನ್ನ ಅಂಚುಗಳನ್ನೆಲ್ಲ ಅಂಗೈಯಿಂದ ಸವರಿ ಸವರಿ, ಎಲ್ಲೂ ಚೂಪು ಉಳಿಯದ ಹಾಗೆ ಉಜ್ಜಿದ. ಮುಚ್ಚಳ ಎತ್ತಲು ಹಿತ್ತಾಳೆಯ ಹಿಡಿ ಹಾಕಬೇಕೆಂದು ದೋಣಿಯ ಯಜಮಾನರು ಹೇಳಿದಾಗ ಅವನು ಒಪ್ಪಲಿಲ್ಲ.

"ಹಿಡಿ ಹಾಕಿರೆ ಮಲಗಿದವರ ಬೆನ್ನಿಗೆ ಒತ್ತತ್ತ್" ಎಂದು, ಬೆರಳು ತೂರಿಸುವಂಥ ಎರಡು ತೂತು ಕೊರೆದ. ಆ ಎರಡು ತೂತುಗಳನ್ನು ನೆನಪಿಡಿ.

ಇನ್ನೊಂದು ತೂತನ್ನೂ ಅವನೇ ಕೊರೆದ. ಅದು ನನ್ನ ಹೊಟ್ಟೆಯ ಒಳಗೆ, ದೋಣಿಯ ಮೈಗೆ. ಅಡುಗೆ ಮೂಲೆಯ ತೊಟ್ಟಿಯ ನೀರು ಹೊರಗೆ ಹೋಗಲು ಅಲ್ಲಿಗೆ ಒಂದು ರಬ್ಬರ್ ಪೈಪು, ಪೈಪಿನ ಬುಡಕ್ಕೆ ಒಂದು ಹಿತ್ತಾಳೆಯ ವಾಲ್ವು ಬಂತು. ದೋಣಿ ನೀರಿಗೆ ಇಳಿದ ಮೇಲೆ ಆ ತೂತು ಸಮುದ್ರದ ನೀರಿನ ಮಟ್ಟಕ್ಕಿಂತ ಕೆಳಗೇ ಇರುತ್ತದೆ ಎಂದು ನನಗೆ ತಿಳಿದ ದಿನವೇ ಭಯವೂ ಹುಟ್ಟಿತು. ಆಚಾರಿಗೂ ಅದು ಗೊತ್ತಿತ್ತು. ಅವನು ಆ ಪೈಪಿನ ಸುತ್ತ ಒಂದು ಪುಟ್ಟ ಬೇಲಿಯಂತೆ ಪಟ್ಟಿ ಬಡಿದ. ಹಾಲೆಮರದ ಒಂದು ಬಿರಡೆ ಕೆತ್ತಿ, ದಾರದಿಂದ ಅಲ್ಲೇ ಕಟ್ಟಿದ.

"ಹೋಯ್, ಈ ಮೂಲೆಯಂಗೆ ಎಂತದೂ ಇಡೂಕಾಗ ಕಾಣಿ. ಇದು ಖಾಲಿಯೇ ಇರ್ಕ್" ಎಂದ. ಬಿರಡೆ ಯಾಕೆ ಎಂದು ಯಜಮಾನರು ಕೇಳಿದ್ದಕ್ಕೆ "ಇರಲಿ" ಎಂದಷ್ಟೇ ಹೇಳಿದ.

ಯಜಮಾನರೆಂದರೆ ರಾಜೀವ ಮೆಂಡನ್. ಮೂವತ್ತೆರಡು ವರ್ಷ ದೊಡ್ಡ ಹಡಗುಗಳಲ್ಲಿ ಇಂಜಿನಿಯರಾಗಿ ದುಡಿದು ನಿವೃತ್ತರಾದವರು. ಅವರ ಹೆಂಡತಿ ವಾರಿಜ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವರು. ಗಂಡ ಹಡಗಿನಲ್ಲಿದ್ದಷ್ಟು ಕಾಲ ಹೆಂಡತಿ ದಡದಲ್ಲಿದ್ದರು. ಇನ್ನು ಮೇಲೆ ಒಟ್ಟಿಗೆ ತಿರುಗೋಣ ಎಂದು ಇಬ್ಬರೂ ಸೇರಿ ಕಟ್ಟಿಸಿದ ಪುಟ್ಟ ದೋಣಿ ನಮ್ಮದು. ಹೆಸರು ಬೆಳ್ಳಕ್ಕಿ.

ದೋಣಿಯ ಒಳಗಿನ ಕೋಣೆ ಒಂದು ಆಟೋರಿಕ್ಷಾಕ್ಕಿಂತ ಸ್ವಲ್ಪ ಉದ್ದ, ಅಷ್ಟೇ. ಎಡಕ್ಕೆ ನಾನು, ಬಲಕ್ಕೆ ನನ್ನ ಜೊತೆಯವಳು. ಅವಳ ಹೊಟ್ಟೆಯಲ್ಲಿ ಬಟ್ಟೆ, ಕಂಬಳಿ, ಔಷಧಿಯ ಡಬ್ಬಿ. ನನ್ನದರಲ್ಲಿ ಊಟದ ಸಾಮಾನು ಮತ್ತು ಹತ್ಯಾರು. ವಾರಿಜಮ್ಮ ನನ್ನ ಮುಚ್ಚಳದ ಒಳಬದಿಗೆ ದುಂಡನೆಯ ಅಕ್ಷರದ ಒಂದು ಪಟ್ಟಿ ಅಂಟಿಸಿದ್ದರು. ಮಲಗಿದವರ ಮೈಯ ಲೆಕ್ಕದಲ್ಲೇ ಬರೆದದ್ದು: ತಲೆಯ ಕೆಳಗೆ ಈರುಳ್ಳಿ, ಬೆಳ್ಳುಳ್ಳಿ. ಬೆನ್ನಿನ ಕೆಳಗೆ ಕುಚ್ಚಲಕ್ಕಿ. ಸೊಂಟದ ಕೆಳಗೆ ಸ್ಪ್ಯಾನರು, ಸುತ್ತಿಗೆ. ಮೊಣಕಾಲಿನ ಕೆಳಗೆ ಖಾಲಿ, ಏನೂ ಇಡಬಾರದು. ಪಾದದ ಕೆಳಗೆ ಉಪ್ಪಿನಕಾಯಿ.

"ವಾರಿಜಾ, ಹನ್ನೆರಡರ ಸ್ಪ್ಯಾನರ್ ಎಲ್ಲುಂಟು?" ಎಂದು ಮೆಂಡನ್ನರು ಮೇಲಿನಿಂದ ಕೂಗುತ್ತಿದ್ದರು.

"ನಿಮ್ಮ ಸೊಂಟದ ಕೆಳಗೆ!" ಎಂದು ಇವರು ಕೂಗುತ್ತಿದ್ದರು. ಬಂದರಿನಲ್ಲಿ ಪಕ್ಕದ ದೋಣಿಯವರು ತಿರುಗಿ ನೋಡುತ್ತಿದ್ದರು.

ಹಾಯಿಗೆ ಗಾಳಿ ತುಂಬಿದರೆ ದೋಣಿ ಒಂದು ಬದಿಗೆ ಬಾಗುತ್ತದೆ. ಬಾಗಿದ ಬದಿಯ ಮಂಚದಲ್ಲೇ ಮಲಗಬೇಕು. ಆಗ ಮೈ ದೋಣಿಯ ಗೋಡೆಗೆ ಒರಗಿಕೊಳ್ಳುತ್ತದೆ, ಉರುಳುವುದಿಲ್ಲ. ಸಾಲದ್ದಕ್ಕೆ ವಾರಿಜಮ್ಮ ತಮ್ಮ ಹಳೆಯ ಸೀರೆಯೊಂದನ್ನು ನಾಲ್ಕು ಮಡಿಕೆ ಮಾಡಿ ಹೊಲಿದು, ನನ್ನ ಅಂಚಿನಿಂದ ಮೇಲಿನ ತೊಲೆಗೆ ತೊಟ್ಟಿಲಿನ ಬದಿಯ ಹಾಗೆ ಕಟ್ಟಿದ್ದರು.

ನನ್ನ ಒಳಗಿನದು ಬೇಕೆಂದರೆ ಮೇಲಿನವರು ಏಳಬೇಕು. ಹಾಸಿಗೆ ಮಡಚಬೇಕು, ಮುಚ್ಚಳ ಎತ್ತಬೇಕು. ಹಾಗಾಗಿ ಅವರಿಬ್ಬರಲ್ಲಿ ಒಂದು ಕ್ರಮವಿತ್ತು. ಯಾರೇ ಮಲಗುವ ಮೊದಲು ಇನ್ನೊಬ್ಬರು ಮೂರು ಸಲ ಕೇಳುತ್ತಿದ್ದರು, "ಪೆಟ್ಟಿಗೆಯಿಂದ ಏನಾದರೂ ಬೇಕಾ?" ಬೇಕಾದದ್ದು ತೆಗೆದಿಟ್ಟುಕೊಂಡ ಮೇಲೆ ಮಲಗಿದವರನ್ನು ಎಬ್ಬಿಸುವ ಹಾಗಿಲ್ಲ.

"ಹಡಗಿನಲ್ಲಿ ಪಾಳಿ ಮುಗಿಸಿ ಮಲಗಿದವನನ್ನು ಎಬ್ಬಿಸುವುದು ಅಂದರೆ ಅವನ ಬಟ್ಟಲಿನ ಅನ್ನ ಕಸಿದ ಹಾಗೆ" ಎನ್ನುತ್ತಿದ್ದರು ಮೆಂಡನ್ನರು.

ಒಳ್ಳೆಯ ಕ್ರಮವೇ. ಆದರೆ ಅದರಿಂದ ಆದದ್ದೇನೆಂದರೆ, ವಾಲ್ವಿನ ಹಿಡಿಯನ್ನು ತಿಂಗಳಿಗೊಮ್ಮೆ ತಿರುಗಿಸಿ ಎಣ್ಣೆ ಬಿಡಬೇಕಾದವರು, ಇವತ್ತು ಬೇಡ, ಅವಳು ಮಲಗಿದ್ದಾಳೆ, ನಾಳೆ ನೋಡೋಣ ಎಂದು ಬಿಡುತ್ತ ಬಂದರು. ಒಂದು ವರ್ಷದಲ್ಲಿ ಅದು ಉಪ್ಪು ಹಿಡಿದು ಕಲ್ಲಾಯಿತು. ನನಗೆ ಗೊತ್ತಿತ್ತು. ಹೇಳಲು ಬಾಯಿರಲಿಲ್ಲ. ಮರಕ್ಕೆ ಇರುವುದು ಕಿರುಗುಟ್ಟುವಿಕೆ ಒಂದೇ. ಸಮುದ್ರದಲ್ಲಿ ಎಲ್ಲ ಮರವೂ ಕಿರುಗುಟ್ಟುತ್ತದೆ.

ಆ ಕಾರ್ತಿಕ ಮಾಸದಲ್ಲಿ ವಾರಿಜಮ್ಮನ ತಂಗಿ ಜಲಜ ನಮ್ಮ ಜೊತೆ ಬಂದಳು. ಕುಂದಾಪುರದಲ್ಲಿ ಅಂಚೆ ಕಚೇರಿಯ ಕೆಲಸ ಅವಳದ್ದು. ಗಂಡ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಆ ನಾಲ್ಕು ತಿಂಗಳಲ್ಲಿ ಅವಳು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಗುಳಿಗೆ ನುಂಗಿದರೂ ಒಂದು ಗಂಟೆ, ಎರಡು ಗಂಟೆ. ಕಣ್ಣಿನ ಸುತ್ತ ಕಪ್ಪು. ಮಾತಾಡುತ್ತ ಮಾತಾಡುತ್ತ ಎಲ್ಲಿಗೋ ಹೋಗಿಬಿಡುತ್ತಿದ್ದಳು. ಸಮುದ್ರದ ಗಾಳಿಗೆ ನಿದ್ದೆ ಬರಬಹುದು ಎಂದು ಅಕ್ಕ ಒತ್ತಾಯ ಮಾಡಿ ಕರೆತಂದದ್ದು.

ಗಂಗೊಳ್ಳಿಯಿಂದ ಹೊರಡುವ ದಿನ ಅವಳು ಒಂದು ಚೀಲದಲ್ಲಿ ಹೆರೆಮಣೆ ತಂದಳು. ತೆಂಗಿನಕಾಯಿ ಹೆರೆಯುವ ಮಣೆ. ಹಲಸಿನ ಗಟ್ಟಿ ಹಲಗೆ, ತುದಿಯಲ್ಲಿ ಬಾಗಿದ ಕಬ್ಬಿಣದ ನಾಲಗೆ, ನಾಲಗೆಗೆ ಹಲ್ಲು.

"ದೋಣಿಗೆ ಹೆರೆಮಣೆಯಾ!" ಎಂದು ಮೆಂಡನ್ನರು ನಕ್ಕರು. "ರುಬ್ಬುವ ಕಲ್ಲು ಮನೆಯಲ್ಲೇ ಉಳಿಯಿತಾ?"

"ತಾಜಾ ಕಾಯಿ ಇಲ್ಲದ ಪದಾರ್ಥ ನಿಮಗೆ ಸೇರ್ತದಾ ಭಾವ?"

"ಒಣ ಕಾಯಿತುರಿ ಉಂಟು. ಇಲ್ಲಿ ಒಂದು ಚಮಚ ಹೆಚ್ಚು ತರುವುದಾದರೆ ಒಂದು ಚಮಚ ಇಳಿಸಬೇಕು ಮಾರಾಯ್ತಿ. ಬೇಡ, ಇದನ್ನು ಆಚಾರಿ ಹತ್ತಿರ ಬಿಡು."

ಅವಳು ಸರಿ ಎಂದಳು, ಬಿಡಲಿಲ್ಲ. ಅವರಿಬ್ಬರೂ ಹಾಯಿ ಕಟ್ಟುತ್ತಿದ್ದಾಗ ಒಳಗೆ ಬಂದು ನನ್ನ ಮುಚ್ಚಳ ಎತ್ತಿದಳು. ಎಲ್ಲ ಕಡೆಯೂ ತುಂಬಿತ್ತು. ಮೊಣಕಾಲಿನ ಕೆಳಗೆ ಮಾತ್ರ ಒಂದು ಖಾಲಿ ಜಾಗ ಕಂಡಿತು. ಪಟ್ಟಿ ಅವಳ ಕಣ್ಣೆದುರಿಗೇ ಇತ್ತು, ಆದರೆ ಓದುವ ಕಣ್ಣು ಆಗ ಅವಳಿಗಿರಲಿಲ್ಲ. ಹೆರೆಮಣೆಯನ್ನು ಆಚಾರಿಯ ಬೇಲಿಯೊಳಗೇ ಒತ್ತಿ ತುರುಕಿ, ಮೇಲೆ ಒಂದು ಗೋಣಿ ಮುಚ್ಚಿ, ಮುಚ್ಚಳ ಹಾಕಿದಳು. ಕಬ್ಬಿಣದ ನಾಲಗೆ ಪೈಪಿಗೆ ತಾಗಿ ನಿಂತಿತು.

ಎರಡು ದಿನ ಗಾಳಿ ಕಡಿಮೆ ಇತ್ತು. ದೋಣಿ ತೂಗಿದಾಗಲೆಲ್ಲ ಆ ನಾಲಗೆ ಪೈಪನ್ನು ಒಮ್ಮೆ ನೆಕ್ಕುತ್ತಿತ್ತು. ಚರ್ ಎಂದು ಒಂದು ಸಣ್ಣ ಸದ್ದು. ಸ್ವಲ್ಪ ಹೊತ್ತು ಸುಮ್ಮನೆ. ಮತ್ತೆ ಚರ್. ಯಾರಿಗೂ ಕೇಳದ ಸದ್ದನ್ನು ಒಬ್ಬಳೇ ಕೇಳಿಸಿಕೊಳ್ಳುವುದು ಎಂಥ ಭಯ ಎಂದು ಹೇಗೆ ಹೇಳಲಿ? ನಾನು ಎಣಿಸುತ್ತಿದ್ದೆ. ಸಾವಿರದವರೆಗೆ ಎಣಿಸಿ ಬಿಟ್ಟೆ.

ಮೂರನೆಯ ದಿನ ಮುರ್ಡೇಶ್ವರದ ಗುಡ್ಡದ ಮರೆಯಿಂದ ಹೊರಟು ನೇತ್ರಾಣಿ ದ್ವೀಪದ ಕಡೆ ತಿರುಗಿದೆವು. ಹತ್ತು ಗಂಟೆಯ ಹೊತ್ತಿಗೆ ವಾಯವ್ಯದ ಗಾಳಿ ಎದ್ದಿತು. ದೋಣಿ ಎಡಕ್ಕೆ, ಎಂದರೆ ನನ್ನ ಬದಿಗೆ, ಬಾಗಿತು. ಜಲಜ ಸುಮ್ಮನೆ ಬೆನ್ನು ಚಾಚುತ್ತೇನೆ ಎಂದು ನನ್ನ ಮೇಲೆ ಒರಗಿದಳು. ಅಕ್ಕ ಸೀರೆಯ ತಡೆ ಕಟ್ಟಿ, ಕ್ರಮದಂತೆ ಮೂರು ಸಲ ಕೇಳಿದರು. ಮೂರನೆಯ ಸಲಕ್ಕೆ ಉತ್ತರ ಬರಲಿಲ್ಲ. ಅವಳು ನಿದ್ದೆ ಹೋಗಿದ್ದಳು.

ವಾರಿಜಮ್ಮ ನಿಂತಲ್ಲೇ ನಿಂತರು. ಆಮೇಲೆ ತುದಿಗಾಲಿನಲ್ಲಿ ಮೆಟ್ಟಿಲು ಹತ್ತಿ, ಗಂಡನ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. "ಮಲಗಿದಳು. ನಿಜವಾಗಿ ಮಲಗಿದಳು. ಗೊರಕೆ ಕೂಡ ಉಂಟು."

"ದೇವರೇ" ಎಂದರು ಮೆಂಡನ್ನರು. "ಯಾರೂ ಸದ್ದು ಮಾಡಬೇಡಿ" ಎಂದು, ಬೇರೆ ಯಾರೂ ಇಲ್ಲದ ಸಮುದ್ರಕ್ಕೆ ಕೈಸನ್ನೆ ಮಾಡಿದರು.

ಅದಾಗಿ ಅರ್ಧ ಗಂಟೆಯಲ್ಲಿ ಒಂದು ದೊಡ್ಡ ಅಲೆ ಬಡಿಯಿತು. ಹೆರೆಮಣೆ ಒಮ್ಮೆ ಹಾರಿ ಕೂತಿತು. ಚರ್ ಎನ್ನುವ ಸದ್ದು ನಿಂತಿತು. ಅದರ ಬದಲು ಬೇರೆ ಸದ್ದು ಬಂತು. ಕೊಡದಿಂದ ನೀರು ಬಗ್ಗಿಸಿದ ಹಾಗೆ.

ಪೈಪು ಕೊಯ್ದಿತ್ತು. ಸಮುದ್ರ ನನ್ನ ಒಳಗೆ ಬರುತ್ತಿತ್ತು.

ಮೊದಲು ಉಪ್ಪಿನಕಾಯಿಯ ಜಾಡಿ ನೆನೆಯಿತು. ಆಮೇಲೆ ಸ್ಪ್ಯಾನರುಗಳು. ನನ್ನ ತಳದಲ್ಲಿ ಒಂದು ಸಣ್ಣ ಕಂಡಿ ಇತ್ತು. ಒಳಗೆ ನೀರು ಸೇರಿದರೆ ಅದು ದೋಣಿಯ ನಡುವಿನ ಗುಂಡಿಗೆ ಹರಿದು ಕಣ್ಣಿಗೆ ಬೀಳಲಿ ಎಂದು ಆಚಾರಿ ಇಟ್ಟದ್ದು. ನೀರು ಆ ಕಡೆ ಸರಿಯಿತು. ಇನ್ನೇನು ಗೊತ್ತಾಗುತ್ತದೆ ಎಂದುಕೊಂಡೆ. ಅಷ್ಟರಲ್ಲಿ ಅಕ್ಕಿಯ ಚೀಲ ಜಾರಿ ಬಾಯಿ ಬಿಚ್ಚಿತು. ಕುಚ್ಚಲಕ್ಕಿ ಹರಿದು ಬಂದು ಕಂಡಿಯಲ್ಲಿ ಕೂತಿತು. ಅದರ ಹಿಂದೆ ಗೋಣಿಯ ತುದಿಯೂ ಬಂದು ಬಿಗಿಯಾಗಿ ಸೇರಿಕೊಂಡಿತು. ಒಂದು ಹನಿಯೂ ಹೊರಗೆ ಹೋಗಲಿಲ್ಲ.

ಮೆಂಡನ್ನರು ಎಂದಿನಂತೆ ಬಂದು ನಡುವಿನ ಗುಂಡಿಯ ಹಲಗೆ ಎತ್ತಿ ಇಣುಕಿದರು. "ಒಣಗಿದೆ" ಎಂದು ಸಂತೋಷದಿಂದ ಹೇಳಿ ಹೋದರು.

ನನ್ನ ಮೇಲೆ ಜಲಜಳ ಉಸಿರು ಏರುತ್ತ ಇಳಿಯುತ್ತ ಇತ್ತು. ನನ್ನ ಒಳಗೆ ನೀರು ಏರುತ್ತ ಇತ್ತು, ಇಳಿಯುತ್ತಿರಲಿಲ್ಲ. ಇಬ್ಬರ ನಡುವೆ ಇದ್ದದ್ದು ನನ್ನ ಮುಚ್ಚಳ ಮಾತ್ರ.

ಹನ್ನೊಂದೂವರೆಗೆ ವಾರಿಜಮ್ಮ ಅಡುಗೆಗೆ ಬಂದರು. ಈರುಳ್ಳಿ ತೆಗೆದಿಡಲು ಮರೆತಿತ್ತು. ಅವರ ಕೈ ನನ್ನ ಅಂಚಿನವರೆಗೆ ಬಂತು. ಎತ್ತಿ, ಎಂದು ನಾನು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಕಿರುಗುಟ್ಟಿದೆ. ಅವರು ತಂಗಿಯ ಮುಖ ನೋಡಿದರು. ಬಾಯಿ ಸ್ವಲ್ಪ ತೆರೆದಿತ್ತು, ಹುಬ್ಬಿನ ನಡುವಿನ ಗಂಟು ಬಿಚ್ಚಿತ್ತು. ಕೈ ಹಿಂದೆ ಹೋಯಿತು. ಅವತ್ತಿನ ಸಾರಿಗೆ ಈರುಳ್ಳಿ ಬೀಳಲಿಲ್ಲ.

ಸ್ವಲ್ಪ ಹೊತ್ತಿಗೆ ಮೇಲಿನಿಂದ ಮೆಂಡನ್ನರ ಪಿಸುಮಾತು ಬಂತು. "ವಾರಿಜಾ, ಚುಕ್ಕಾಣಿಯ ಬೋಲ್ಟು ಸಡಿಲ ಆಗಿದೆ. ಸ್ಪ್ಯಾನರು."

"ಅವಳ ಸೊಂಟದ ಕೆಳಗೆ ಉಂಟು."

"ಅಯ್ಯೋ. ಹಾಗಾದರೆ ಬೇಡ. ಹಗ್ಗ ಕಟ್ಟುತ್ತೇನೆ." ಹಗ್ಗ ಬಿಗಿಯುತ್ತ ಹೇಳಿದರು, "ದೋಣಿ ಯಾಕೋ ಎಡಕ್ಕೆ ಹೆಚ್ಚು ವಾಲ್ತಾ ಉಂಟು. ಗಾಳಿ ಅಷ್ಟಿಲ್ಲ."

"ಹಾಯಿ ಸ್ವಲ್ಪ ಇಳಿಸಿ. ಮೆಲ್ಲಗೆ. ಕಟಕಟ ಮಾಡಬೇಡಿ."

ಅವರು ಹಾಯಿ ಇಳಿಸಿದರು. ದೋಣಿ ನೇರವಾಗಲಿಲ್ಲ. ವಾಲುತ್ತಿದ್ದದ್ದು ಗಾಳಿಗಲ್ಲ, ನನ್ನ ಹೊಟ್ಟೆಯ ಭಾರಕ್ಕೆ. ಮೂವತ್ತೆರಡು ವರ್ಷದ ಇಂಜಿನಿಯರ್ ಮೇಲೆ ತಲೆ ಕೆರೆದುಕೊಳ್ಳುತ್ತ ಕೂತಿದ್ದಾರೆ. ಅವರ ಪ್ರೀತಿಯೇ ಅವರನ್ನು ಮುಳುಗಿಸುತ್ತಿದೆ. ಒಬ್ಬರಾದರೂ ಸ್ವಲ್ಪ ಕಠಿಣ ಮನುಷ್ಯರಿರಬಾರದಿತ್ತೇ ಎಂದು ಆ ಹೊತ್ತು ನಾನು ಬಯಸಿದ್ದು ನಿಜ.

ನೀರು ನನ್ನ ಮುಚ್ಚಳಕ್ಕೆ ತಾಗಿತು. ಬೆರಳಿನ ಎರಡು ತೂತುಗಳ ಮೂಲಕ ಮೇಲೆ ಬಂತು. ಹತ್ತಿಯ ಹಾಸಿಗೆ ಅದನ್ನು ನಿಧಾನವಾಗಿ ಕುಡಿಯತೊಡಗಿತು.

ಜಲಜ ಆದರೂ ಏಳಲಿಲ್ಲ. ನಾಲ್ಕು ತಿಂಗಳ ನಿದ್ದೆ ಅದು.

ಬಟ್ಟಲುಗಳನ್ನು ಒರೆಸಿಟ್ಟ ವಾರಿಜಮ್ಮನಿಗೆ ತಂಗಿಯ ಪಾದ ಹೊದಿಕೆಯಿಂದ ಹೊರಗೆ ಬಂದದ್ದು ಕಂಡಿತು. ಅಷ್ಟೇ ಕಾರಣ. ಪಾದಕ್ಕೆ ಹೊದಿಕೆ ಎಳೆಯಲು ಬಗ್ಗಿದರು. ಕೈಗೆ ಒದ್ದೆ ಹತ್ತಿತು.

ಅವರ ಮುಖ ನೋಡಿದೆ. ಮೊದಲು ಬಂದದ್ದು ಭಯವಲ್ಲ, ಕನಿಕರ. ಪಾಪ, ಮೈಮರೆತು ಮಲಗಿದಾಗ ಹೀಗಾಗಿದೆ, ಗಂಡಸಿಗೆ ತಿಳಿಯಬಾರದು ಎಂದು, ಮೆಟ್ಟಿಲಿನ ಕಡೆ ಒಮ್ಮೆ ನೋಡಿ, ಎದುರಿನ ಮಂಚದಿಂದ ಒಣ ಸೀರೆ ತೆಗೆದರು. ಎಬ್ಬಿಸದೆಯೇ ಬದಲಿಸುವುದು ಹೇಗೆ ಎಂದು ಯೋಚಿಸುತ್ತ ಹಾಸಿಗೆಯ ಕೆಳಗೆ ಕೈ ತೂರಿಸಿದರು. ಅಲ್ಲಿ ನೀರು ತಣ್ಣಗಿತ್ತು. ಕೈ ಹೊರಗೆ ತೆಗೆದು ಮೂಗಿನ ಹತ್ತಿರ ತಂದರು. ಆಮೇಲೆ, ಗಣಿತದ ಟೀಚರು ತಾನೇ, ಖಚಿತವಾಗದೆ ಬಿಡುವವರಲ್ಲ, ಬೆರಳನ್ನು ನಾಲಗೆಗೆ ತಾಗಿಸಿದರು.

ಸಮುದ್ರದ ಉಪ್ಪು.

"ಜಲಜಾ! ಏಳೇ! ಏಳು!" ಆ ಕೂಗಿಗೆ ದೋಣಿಯೇ ಬೆಚ್ಚಿತು. "ಹೋಯ್, ಇಲ್ಲಿ ಬನ್ನಿ! ನೀರು!"

ಸೀರೆಯ ತಡೆ ಹರಿಯಿತು. ಹಾಸಿಗೆ ನೆಲಕ್ಕೆ ಬಿತ್ತು. ಮುಚ್ಚಳ ಎತ್ತಿದಾಗ ಒಳಗೆ ಈರುಳ್ಳಿಗಳು ತೇಲುತ್ತಿದ್ದವು. ಮೆಂಡನ್ನರು ಭುಜದವರೆಗೆ ಕೈ ಮುಳುಗಿಸಿದರು. "ವಾಲ್ವಿಗೆ ಏನೋ ಅಡ್ಡ ಉಂಟು. ಹಲಗೆ... ಇದೆಂಥ ಹಲಗೆ? ನನ್ನ ಕೈ ಹೋಗ್ತಾ ಇಲ್ಲ."

ಜಲಜಳಿಗೆ ತಿಳಿಯಿತು. ಅವಳು ಭಾವನನ್ನು ಪಕ್ಕಕ್ಕೆ ತಳ್ಳಿ ನನ್ನ ಒಳಗೆ ಬಗ್ಗಿದಳು. ಅವಳ ಕೈ ಸಣ್ಣದು. ಹೆರೆಮಣೆಯನ್ನು ಎಳೆದಳು. ಅದು ಬರಲಿಲ್ಲ. ಇನ್ನೊಮ್ಮೆ ಎಳೆದಳು, ಹಲ್ಲು ಅಂಗೈಗೆ ಇಳಿಯಿತು, ನೀರು ಕೆಂಪಾಯಿತು. ಮೂರನೆಯ ಸಲಕ್ಕೆ ಅದು ಕಿತ್ತು ಬಂತು. ಮೆಂಡನ್ನರು ವಾಲ್ವಿನ ಹಿಡಿ ತಿರುಗಿಸಿದರು. ಕಲ್ಲಾಗಿದ್ದ ಹಿಡಿ ಅಲುಗಲಿಲ್ಲ. ಅವರ ಮುಖ ಬಿಳುಚಿದ್ದನ್ನು ನಾನು ಕೆಳಗಿನಿಂದ ಕಂಡೆ. ಇದಕ್ಕೆ ಎಣ್ಣೆ ಬಿಡದವರು ಯಾರೆಂದು ಅವರಿಗೆ ಗೊತ್ತಿತ್ತು.

"ಇಲ್ಲೊಂದು ದಾರ ಉಂಟು ಭಾವ" ಎಂದಳು ಜಲಜ. "ದಾರದ ತುದಿಯಲ್ಲಿ ಮರದ ಎಂಥದೋ."

"ಬಿರಡೆ! ಪೈಪಿನ ಬಾಯಿಗೆ ಒತ್ತು! ಒತ್ತು ಜಲಜಾ!"

ಅವಳು ಒತ್ತಿದಳು. ಹಾಲೆಮರ ಮೆದು. ನೀರು ಕುಡಿದು ಉಬ್ಬಿತು. ಕೊಡದಿಂದ ಬಗ್ಗಿಸಿದ ಹಾಗಿದ್ದ ಸದ್ದು ಸಣ್ಣದಾಯಿತು, ಹನಿಯಾಯಿತು, ನಿಂತಿತು.

ದೋಣಿಯನ್ನು ಭಟ್ಕಳದ ಬಂದರಿನ ಕಡೆ ತಿರುಗಿಸಿದರು. ಗಾಳಿ ಈಗ ಎಡ ಹಿಂಬದಿಯಿಂದ ಬಂದು, ದೋಣಿ ಬಲಕ್ಕೆ ಬಾಗಿ, ನನ್ನ ಬದಿ ಸ್ವಲ್ಪ ಎತ್ತರವಾಯಿತು. ವಾರಿಜಮ್ಮ ಬಕೆಟ್ಟಿನಿಂದ ನೀರು ತೋಡಿ ಹಾಕಿದರು. ಬಿರಡೆ ತಾನಾಗಿಯೇ ನಿಂತಿತ್ತು. ಆದರೂ ಜಲಜ ಅದರ ಮೇಲಿನ ಅಂಗೈ ತೆಗೆಯಲಿಲ್ಲ. ಮೂರು ಗಂಟೆ ಹೊತ್ತು ನನ್ನ ಒಳಗೆ ಬಗ್ಗಿ ಕೂತಿದ್ದಳು.

"ನಾನು ಇಟ್ಟದ್ದು ಅಕ್ಕ" ಎಂದಳು.

"ಗೊತ್ತಾಯಿತು."

"ಅವರು ದಿನಾ ಬೆಳಿಗ್ಗೆ ಅದರ ಮೇಲೆ ಕೂತು ಕಾಯಿ ಹೆರೆದು ಕೊಡುತ್ತಿದ್ದರು. ನನಗೆ ಕಚೇರಿಗೆ ಹೊತ್ತಾಗ್ತದೆ ಅಂತ. ಬೀಗ ಹಾಕಿದ ಮನೆಯಲ್ಲಿ ಅದೊಂದನ್ನೇ ಬಿಟ್ಟು ಬರಲಿಕ್ಕೆ ಆಗಲಿಲ್ಲ."

ವಾರಿಜಮ್ಮ ಬಕೆಟ್ಟು ಕೆಳಗಿಟ್ಟು ತಂಗಿಯ ಬೆನ್ನ ಮೇಲೆ ಕೈಯಿಟ್ಟರು. ಮತ್ತೆ ಬಕೆಟ್ಟು ಎತ್ತಿಕೊಂಡರು.

ಬಂದರಿನಲ್ಲಿ ಮೀನುಗಾರರು ಸುತ್ತ ಸೇರಿ ಏನಾಯಿತೆಂದು ಕೇಳಿದರು. ಮೆಂಡನ್ನರು ಹೇಳಿದ್ದು ಒಂದೇ ಮಾತು, "ಪೈಪು ಹಳತಾಗಿತ್ತು. ನಾನು ನೋಡಿಕೊಳ್ಳಬೇಕಿತ್ತು." ಹೆರೆಮಣೆಯ ಹೆಸರು ಎತ್ತಲಿಲ್ಲ. ಸಂಜೆ ಅದರ ನಾಲಗೆಗೆ ದಪ್ಪ ಬಟ್ಟೆ ಸುತ್ತಿ, ಹಗ್ಗ ಬಿಗಿದು, ಎದುರಿನ ಮಂಚದ ಕಂಬಳಿಗಳ ನಡುವೆ ತಾವೇ ಇಟ್ಟರು. "ಎಂಥ ಹಲ್ಲು ಮಾರಾಯ್ತಿ ಇದಕ್ಕೆ" ಎಂದರು. "ಹಡಗಿನಲ್ಲಿ ಇಂಥದ್ದೊಂದು ಇದ್ದಿದ್ದರೆ ಕಬ್ಬಿಣವನ್ನೂ ಹೆರೆಯಬಹುದಿತ್ತು." ಜಲಜ ನಕ್ಕಳು. ನಗುತ್ತ ಅತ್ತಳು.

ವಾರಿಜಮ್ಮ ನನ್ನ ಮುಚ್ಚಳಕ್ಕೆ ಹೊಸ ಪಟ್ಟಿ ಬರೆದರು. ಈ ಸಲ ಕಾಗದವಲ್ಲ, ಬಣ್ಣದಿಂದ ಮರದ ಮೇಲೆಯೇ. ಕೊನೆಯಲ್ಲಿ ಒಂದು ಸಾಲು ಹೆಚ್ಚು ಇತ್ತು: ಅನುಮಾನ ಬಂದರೆ ಎಬ್ಬಿಸುವುದು.

ಆಮೇಲೆ ಎಂಟು ವರ್ಷ ಅವರೊಂದಿಗೆ ಇದ್ದೆ. ಮೆಂಡನ್ನರ ಮೊಣಕಾಲು ಮೆಟ್ಟಿಲು ಹತ್ತಲಾರದಾದಾಗ ಬೆಳ್ಳಕ್ಕಿಯನ್ನು ಮಲ್ಪೆಯ ಗಿಲ್ಬರ್ಟ್ ಎಂಬವನು ಕೊಂಡ. ಪ್ರವಾಸಿಗಳನ್ನು ಒಂದೆರಡು ಗಂಟೆ ತಿರುಗಿಸಿ ತರುವ ಕೆಲಸ ಅವನದು. ಕೆಟ್ಟವನಲ್ಲ. ಅಲೆಗೆ ಅಳುವ ಮಗುವನ್ನು ನನ್ನ ಮೇಲೆ ಮಲಗಿಸಿ, ತಲೆಗೆ ತನ್ನ ಅಂಗಿಯನ್ನೇ ಮಡಚಿ ಇಡುತ್ತಿದ್ದ. ಆದರೆ ಪ್ರವಾಸಿಗಳ ಬೀಗದ ಕೈ, ಚಿಲ್ಲರೆ ಎಲ್ಲ ಬೆರಳಿನ ತೂತುಗಳಿಂದ ಒಳಗೆ ಬೀಳುತ್ತವೆಂದು ನನ್ನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಸುತ್ತಲೂ ಮೊಳೆ ಹೊಡೆದ. ಐದು ವರ್ಷ ಯಾರೂ ನನ್ನನ್ನು ತೆರೆಯಲಿಲ್ಲ. ಐದು ವರ್ಷವೂ ಕತ್ತಲಲ್ಲಿ ಪೈಪಿನ ಕಡೆಗೇ ಕಿವಿಯಿಟ್ಟು ಕಳೆದೆ. ಈಗ ನೀರು ಬಂದರೆ ಮೇಲೆ ಬರಲು ತೂತೂ ಇಲ್ಲ. ಯಾರಿಗೂ ಒದ್ದೆ ಹತ್ತುವುದಿಲ್ಲ. ಆ ಐದು ವರ್ಷದಲ್ಲಿ ಏನೂ ಆಗಲಿಲ್ಲ. ಏನೂ ಆಗದ ಭಯ ಇನ್ನೂ ಉದ್ದ.

ಕೊನೆಗೆ ಬೆಳ್ಳಕ್ಕಿ ಹುಟ್ಟಿದ ಹೊಳೆಯ ದಡಕ್ಕೇ ಬಂದು ಕೂತಳು. ಶೇಷಯ್ಯ ಆಚಾರಿ ಆಗ ಇರಲಿಲ್ಲ. ಅವನ ಮಗ ದೋಣಿಯನ್ನು ಬಿಚ್ಚತೊಡಗಿದ. ಹಿತ್ತಾಳೆ ಒಂದು ಕಡೆ, ತಳದಲ್ಲಿ ಭಾರಕ್ಕೆ ಹಾಕಿದ್ದ ಸೀಸ ಒಂದು ಕಡೆ, ಮರ ಒಲೆಗೆ. ನನ್ನ ಪಕ್ಕೆಗಳು ಹೋದವು. ತಳ ಹೋಯಿತು. ಪ್ಲಾಸ್ಟಿಕ್ ಕಿತ್ತು ಮುಚ್ಚಳ ತಿರುಗಿಸಿದಾಗ ಅಡಿಯ ಬರಹ ಕಂಡು ಅವನು ಕೊಡಲಿ ಕೆಳಗಿಟ್ಟ. ಮೆಂಡನ್ನರ ಮನೆಗೆ ಫೋನು ಮಾಡಿದ.

ಮರುದಿನ ಜಲಜ ಆಟೋದಲ್ಲಿ ಬಂದಳು. ನನ್ನನ್ನು ಆಟೋದ ತಲೆಯ ಮೇಲೆ ಕಟ್ಟಿಸಿಕೊಂಡು ಕುಂದಾಪುರಕ್ಕೆ ಹೋದಳು. ನಾನೆಂದರೆ ಈಗ ಮುಚ್ಚಳ ಮಾತ್ರ. ಮೆಂಡನ್ನರು ಊರುಗೋಲು ಹಿಡಿದು ಬಂದು, ನಾಲ್ಕು ಕಬ್ಬಿಣದ ಕಾಲು ಹಾಕಿಸಿಕೊಟ್ಟರು. ಈಗ ನನಗೂ ಕಾಲಿದೆ, ಕಾಲಿನ ಕೆಳಗೆ ನೆಲವಿದೆ. ಅವಳ ಅಡುಗೆಮನೆಯ ಪಕ್ಕದ ಕಿಟಕಿಯ ಬಳಿ ನನ್ನ ಜಾಗ. ಹೆರೆಮಣೆ ಅಲ್ಲೇ ಮೂಲೆಯಲ್ಲಿದೆ. ನಾವು ಮಾತಾಡುವುದಿಲ್ಲ. ಆದರೆ ಬೆಳಿಗ್ಗೆ ಅದು ಕಾಯಿ ಹೆರೆಯುವ ಚರ್ ಚರ್ ಸದ್ದಿಗೆ ನಾನು ಈಗ ಅಷ್ಟು ಬೆಚ್ಚುವುದಿಲ್ಲ. ಸ್ವಲ್ಪ ಬೆಚ್ಚುತ್ತೇನೆ.

ಜಲಜಳಿಗೆ ಈಗ ನಿದ್ದೆಗೆ ಬರವಿಲ್ಲ. ಮಧ್ಯಾಹ್ನ ಊಟವಾದ ಮೇಲೆ ನನ್ನ ಮೇಲೆಯೇ ಮಲಗುತ್ತಾಳೆ. ಗುರುವಾರಗಳಂದು ವಾರಿಜಮ್ಮ ಬರುತ್ತಾರೆ. ಅವರ ಕೂದಲು ಪೂರ್ತಿ ಬೆಳ್ಳಗಾಗಿದೆ. ಮಲಗಿದ ತಂಗಿಯನ್ನು ಬಾಗಿಲಲ್ಲಿ ನಿಂತು ನೋಡುತ್ತಾರೆ. ಹತ್ತಿರ ಬಂದು ಪಾದಕ್ಕೆ ಹೊದಿಕೆ ಎಳೆಯುತ್ತಾರೆ. ಆಮೇಲೆ, ಸಮುದ್ರ ಇಲ್ಲಿಂದ ಒಂದೂವರೆ ಮೈಲು ದೂರವಿದ್ದರೂ, ಹಾಸಿಗೆಯ ಕೆಳಗೆ ಕೈ ತೂರಿಸುತ್ತಾರೆ. ಪ್ರತಿ ಗುರುವಾರವೂ. ಆ ಬೆರಳುಗಳು ನನ್ನ ಎರಡು ತೂತುಗಳನ್ನು ಹುಡುಕಿ ಸವರುತ್ತವೆ.

"ಒಣಗಿದೆ" ಎಂದು ತಮಗೇ ಹೇಳಿಕೊಳ್ಳುತ್ತಾರೆ.

ಅಲ್ಲಿಗೆ ಮುಗಿಯುವುದಿಲ್ಲ. ಸ್ವಲ್ಪ ಹೊತ್ತು ಕೂತು, ತಂಗಿಯ ಉಸಿರು ನೋಡಿ, ಕೊನೆಗೆ ಭುಜ ಅಲುಗಿಸುತ್ತಾರೆ. "ಜಲಜಾ, ಏಳೇ."

"ಎಂತಕ್ಕೆ ಅಕ್ಕ? ಈಗಷ್ಟೇ ಕಣ್ಣು ಹತ್ತಿತ್ತು."

"ಅನುಮಾನ ಬಂತು."

"ಎಂತ ಅನುಮಾನ?"

"ನೀನು ಇದ್ದೀಯಾ ಇಲ್ಲವಾ ಅಂತ."

"ಇದ್ದೇನೆ ಮಾರಾಯ್ತಿ. ಚಾ ಮಾಡ್ತೇನೆ, ಕೂತ್ಕೊ."

ಜಲಜ ಗೊಣಗುತ್ತ ಏಳುತ್ತಾಳೆ. ಅವಳು ಎದ್ದ ಜಾಗ ಬೆಚ್ಚಗಿರುತ್ತದೆ. ನನ್ನ ಅಡಿಯಲ್ಲಿ, ನೆಲದ ಕಡೆಗೆ ಮುಖ ಮಾಡಿ, ಆ ಬಣ್ಣದ ಸಾಲು ಇನ್ನೂ ಇದೆ. ಅದನ್ನು ಓದಲು ಈಗ ಯಾರೂ ಬಗ್ಗಬೇಕಾಗಿಲ್ಲ. ಒಳಗೆ ಚಾದ ಪಾತ್ರೆ ಇಡುವ ಸದ್ದು ಕೇಳಿದ ಮೇಲೆ, ಅಷ್ಟು ವರ್ಷ ಎಚ್ಚರವಿದ್ದ ನಾನು ಸ್ವಲ್ಪ ಕಣ್ಣು ಮುಚ್ಚುತ್ತೇನೆ.